ಎತ್ತಿನ ತೂಕ, ಆಡಿನ ಹಸಿವು

ಲತೀಫಾ ಜಗಳಗಂಟಿ ಅಂದರೆ ಒಪ್ಪಿಕೊಳ್ಳುತ್ತೇನೆ. ಕಳ್ಳಿ ಅಂದರೆ ಸುಮ್ಮನಿರುವವಳಲ್ಲ ನಾನು. ಮಾನ್ವಿಯ ಅಕ್ಕಿ ಗಿರಣಿಯ ಧಣಿ ವಿರೂಪಣ್ಣ ಹಮಾಲರೆಲ್ಲರ ಮುಂದೆ ಹಾಗೆಂದುಬಿಟ್ಟರು.

ಮೂವತ್ತು ಆಡು ಅವರವು, ಸಾಕುವವಳು ನಾನು, ಮರಿಗಳಲ್ಲಿ ಅರ್ಧ ಪಾಲು ನನಗೆ. ಮೇವು ಧಣಿಯದು. ಎಷ್ಟು ಬೇಕೆಂದು ನನ್ನನ್ನೊಂದು ಮಾತು ಕೇಳಬಾರದೇ? ಲಾರಿ ತೂಗುವ ಕಾಟಾದ ಮೇಲೆ ಮೊದಲು ತಮ್ಮ ಜೋಡೆತ್ತು ನಿಲ್ಲಿಸಿದರು, ಆಮೇಲೆ ಆಡುಗಳನ್ನೆಲ್ಲ ಹತ್ತಿಸಿದರು. ತೂಕ ಹೆಚ್ಚುಕಡಿಮೆ ಒಂದೇ ಬಂತು.

"ಮುಗೀತಲ್ಲ! ಎತ್ತಿಗೆಷ್ಟೋ ಆಡಿಗೂ ಅಷ್ಟ" ಎಂದು ತೊಗರಿ ಹೊಟ್ಟು, ತವುಡು ಅಳೆದು ಕೊಟ್ಟರು.

ತಿಂಗಳೊಳಗೆ ಎತ್ತುಗಳು ಮಿರಮಿರ ಮಿಂಚಿದವು. ಆಡುಗಳ ಪಕ್ಕೆಲುಬು ಕಾಣತೊಡಗಿದವು.

"ತವುಡು ಸಂತ್ಯಾಗ ಮಾರಾಕತ್ತೀಯೇನು? ಕಳ್ಳಿ! ಆಡು ಬ್ಯಾರೆಯವ್ರಿಗೆ ಕೊಡ್ತೀನಿ" ಎಂದು ಕೂಗಿದರು.

ನನಗೆ ಮೈಯೆಲ್ಲ ಉರಿಯಿತು. ಮೇವಿನ ಕೋಣೆಯ ಕೀಲಿ ಅವರ ಕಾಲ ಬಳಿ ಎಸೆದೆ. "ಎಂಟು ದಿನ ನೀವ ನಿಮ್ಮ ಕೈಯಾರೆ ಹಾಕ್ರಿ ಧಣಿ. ಆಡು ದಪ್ಪಾದ್ರ ನಾ ಊರ ಬಿಡ್ತೀನಿ!"

ಹಾಕಿದರು, ಪಾಪ, ಅಷ್ಟನ್ನೇ ಅಳೆದು. ಆಡುಗಳು ಅದನ್ನು ಮುಗಿಸಿ ಅವರ ಹೆಗಲ ಟವೆಲ್ಲಿಗೂ ಬಾಯಿ ಹಾಕಿದವು. ವಾರವಾದರೂ ಒಂದಕ್ಕೂ ಮೈ ಹತ್ತಲಿಲ್ಲ. ರೋಗವೇನೋ ಎಂದು ಹೆದರಿ ಧಣಿ ದೇವದುರ್ಗಕ್ಕೆ ಫೋನು ಹಚ್ಚಿದರು. ಅಲ್ಲಿ ದನದ ಡಾಕ್ಟರಾಗಿರುವ ಅವರ ತಂಗಿಯ ಮಗಳು ಶೈಲಜಾ ಬಂದಳು. ಕಾಟಾದ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು.

"ಮಾವಾ, ತೂಕ ಒಂದ ಆದ್ರ ಹಸಿವೂ ಒಂದ ಆಗ್ತದೇನು? ದೊಡ್ಡ ಮೈ ಸಾವಕಾಶ ಉರೀತದ, ಸಣ್ಣ ಮೈ ಜೋರು. ಎತ್ತಿನ ಒಂದು ಕಿಲೋ ಮೈಗಿಂತ ಆಡಿನ ಒಂದು ಕಿಲೋ ಮೈಗೆ ಹತ್ತತ್ರ ಎರಡರಷ್ಟು ಬೇಕು. ಅಷ್ಟ ತೂಕದ ಇಲಿ ಸಾಕಿದ್ರ ನಿನ್ನ ಗಿರಣೀನ ನುಂಗ್ತಿದ್ವು!"

ವಿರೂಪಣ್ಣ ಕೆಮ್ಮಿದರು. "ನಾಳಿಂದ ಎರಡರಷ್ಟು ಕೊಡ್ತೀನಿ ಬಾರವ್ವಾ."

"ಅದು ಆಡಿಗಾತ್ರಿ. ನನಗೇನು?"

ಗಿರಣಿಯ ಸದ್ದಿನಲ್ಲಿ ಅವರ ತುಟಿ ಅಲುಗಿತು.

"ಕೇಳಸ್ಲಿಲ್ರಿ. ಕಳ್ಳಿ ಅಂದಿದ್ದು ಎಲ್ಲರಿಗೂ ಕೇಳಿತ್ತು."

ಅವರು ನನ್ನನ್ನೇ ನೋಡಿದರು. ಆಮೇಲೆ ಕೈಯೆತ್ತಿ ಗಿರಣಿ ನಿಲ್ಲಿಸಿದರು, ಅದೂ ಭತ್ತದ ಸುಗ್ಗಿಯಲ್ಲಿ! ಏನಾಯಿತೋ ಎಂದು ಹಮಾಲರೆಲ್ಲ ಹೊರಗೆ ಓಡಿಬಂದರು.

"ಲತೀಫಾ ಕಳ್ಳಿ ಅಲ್ರಪಾ!" ಎಂದು ಧಣಿ ಕೂಗಿದರು. "ತಪ್ಪು ನಂದು!"

ನನಗೆ ನಗು ಬಂತು. ನಗುತ್ತ ನಿಂತವಳಿಗೆ ಕಣ್ಣೀರು ತಡೆಯಲಾಗಲಿಲ್ಲ.