ಪಂಪು ನಿಂತ ಮಧ್ಯಾಹ್ನಗಳು

ಅಜ್ಜಿಯ ಕತೆಗೆ ಒಂದೇ ಕರಾರು: ಕೇಳುವವರು ನಡುನಡುವೆ ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ಮೊಮ್ಮಗಳು ತೊಟ್ಟಿಲಿನಿಂದಲೇ ಹೂಂಗುಟ್ಟುತ್ತ ಬೆಳೆದವಳು. ಮನೆಯವರ ಬಾಯಲ್ಲಿ ಅವಳ ಹೆಸರೇ ಹೂಂಗುಟ್ಟಿ. ಕಾಲೇಜು ಸೇರಿದ ಮೇಲೂ ಅವಳ ಅರ್ಧ ಜೀವ ಏಳು ಸಮುದ್ರದಾಚೆಯ ಅರಮನೆಯಲ್ಲೇ ಇತ್ತು.

ಸೊಂಟದ ಮೂಳೆ ಮುರಿದು ಅಜ್ಜಿ ಹಾಸಿಗೆ ಹಿಡಿದಾಗ ಮನೆಗೆ ಬಾಡಿಗೆಯ ಗಾಳಿ ಹಾಸಿಗೆ ಬಂತು. ಮಂಚದ ಕಾಲ್ದೆಸೆಗೆ ತೂಗುಹಾಕಿದ ಪಂಪು ಗೊರಗೊರ ಎನ್ನುತ್ತ ಒಂದು ಸಾಲು ಕೊಳವೆಗಳನ್ನು ಉಬ್ಬಿಸಿ ಇನ್ನೊಂದು ಸಾಲನ್ನು ಇಳಿಸುತ್ತಿತ್ತು. ಮೈಭಾರ ಒಂದೇ ಕಡೆ ಬಿದ್ದು ಹುಣ್ಣಾಗಬಾರದೆಂದು ಈ ಏರ್ಪಾಡು. ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ನರ್ಸ್ ಬಂದು ಮೈ ಒರೆಸಿ, ಮಗ್ಗುಲು ಬದಲಿಸಿ ಹೋಗುವರು. ಅಮ್ಮ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನದ ಕಾವಲು ಹೂಂಗುಟ್ಟಿಯದು.

ಆದರೆ ಅಜ್ಜಿಯ ದನಿ ಈಗ ನೂಲಿನಷ್ಟು ತೆಳು. ಪಂಪಿನ ಗೊರಕೆಯಲ್ಲಿ ಅದು ಕೇಳದೆ, ಹೂಂ ತಪ್ಪು ಜಾಗದಲ್ಲಿ ಬೀಳತೊಡಗಿತು.

"ರಾಜಕುಮಾರಿ ಸತ್ತೋದ್ಲು ಅಂದ್ರೆ ಖುಷಿಯಾಗಿ ಹೂಂ ಅಂತೀಯಲ್ಲೇ, ನಿಂಗೇನು ಅವಳ ಆಸ್ತಿ ಬರತ್ತಾ?" ಎಂದು ಅಜ್ಜಿ ಮುನಿಸಿಕೊಂಡಳು.

ಹೂಂಗುಟ್ಟಿ ಎದ್ದು ಸ್ವಿಚ್ಚು ಆರಿಸಿದಳು. ಕೋಣೆಯೆಲ್ಲ ನಿಶ್ಶಬ್ದ. ಕತೆ ಹರಿಯಿತು; ಅಜ್ಜಿಗೆ ಹೇಳುತ್ತಲೇ ನಿದ್ದೆ ಹತ್ತಿತು; ಇವಳು ಆ ಅರಮನೆಯಲ್ಲೇ ಉಳಿದುಬಿಟ್ಟಳು. ಸಂಜೆ ಗೇಟಿನ ಸದ್ದಾದಾಗಲೇ ನೆನಪಾಗಿ ಸ್ವಿಚ್ಚು ಹಾಕಿದಳು. ಮರುದಿನವೂ ಹಾಗೇ. ಅದರ ಮರುದಿನವೂ.

"ಹಾಸಿಗೆ ಯಾಕೋ ಸೊರಗಿದೆಯಲ್ಲಮ್ಮ," ಎಂದು ನರ್ಸ್ ಒಂದು ಸಂಜೆ ಒತ್ತಿ ನೋಡಿ ಕೇಳಿದರು. "ಪಂಪ್ ಯಾರಾದ್ರೂ ಆಫ್ ಮಾಡಿದ್ರಾ?"

"ಕರೆಂಟ್ ಹೋಗಿತ್ತು ಸಿಸ್ಟರ್." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಚ್ಚರಿ.

ವಾರ ಕಳೆಯುವಷ್ಟರಲ್ಲಿ ಅಜ್ಜಿಯ ಬೆನ್ನ ಕೆಳಗೆ ಚರ್ಮ ಕೆಂಪಾಗಿ, ಬಾಯಿ ಬಿಟ್ಟಿತು.

ಭಾನುವಾರ ಬೆಳಿಗ್ಗೆ ಅದನ್ನು ಕಂಡ ಅಮ್ಮ ನರ್ಸ್ ಮೇಲೆ ಹರಿಹಾಯ್ದಳು. "ದಿನಾ ಬೆನ್ನು ನೋಡೋರು ನೀವೇ ತಾನೆ? ನಿಮ್ಮನ್ನ ನಂಬಿದ್ದಕ್ಕೆ ಇದಾ?"

"ನಿನ್ನೆ ಸಂಜೆ ಬರೀ ಕೆಂಪಿತ್ತು ಮೇಡಂ, ಮುಲಾಮು ಹಚ್ಚಿದ್ದೆ. ಮಗ್ಗುಲು ಬದಲಿಸದೆ ಒಂದು ದಿನಾನೂ ಹೋಗಿಲ್ಲ ನಾನು."

"ಹಂಗಾದ್ರೆ ಹುಣ್ಣು ಆಕಾಶದಿಂದ ಉದುರ್ತಾ?"

"ಸುಮ್ನಿರೇ ನನ್ನ ಮುದ್ದು ಸೊಸೆ," ಅಜ್ಜಿ ನರಳುತ್ತಲೇ ನಡುವೆ ಬಾಯಿ ಹಾಕಿದಳು. "ಎಂಬತ್ತು ವರ್ಷ ಉಟ್ಟ ಚರ್ಮ, ಹರೀದೆ ಇರತ್ತಾ?" ಅಂದು ಮೊಮ್ಮಗಳ ಕಡೆ ಕಣ್ಣು ಮಿಟುಕಿಸಿದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕಣ್ಣುಮಿಟುಕು ಹೂಂಗುಟ್ಟಿಯ ಎದೆಗೆ ಮುಳ್ಳಿನಂತೆ ನಾಟಿತು. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕತೆಗೆ ಚಿಕ್ಕಂದಿನಲ್ಲಿ ಎಷ್ಟು ನಕ್ಕಿದ್ದಳು! ಮೇಕೆಯ ಮುಖ ಹೇಗಿತ್ತೆಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಎದುರಿಗೇ ಇತ್ತು, ಬಿಳಿ ಕೋಟು ತೊಟ್ಟು, ತುಟಿ ಕಚ್ಚಿಕೊಂಡು.

ನರ್ಸ್‌ರನ್ನು ಕಳಿಸುವ ಆಫೀಸಿಗೆ ದೂರು ಕೊಡಲು ಅಮ್ಮ ಒಳಗೆ ಹೋಗಿ ಫೋನ್ ಎತ್ತಿಕೊಂಡು ಬಂದಳು.

"ಅಮ್ಮ, ಬೇಡ. ನಾನು... ಪಂಪ್ ನಾನೇ ಆರಿಸ್ತಿದ್ದೆ. ದಿನಾ ಮಧ್ಯಾಹ್ನ. ಕತೆ ಕೇಳಿಸ್ತಿರ್ಲಿಲ್ಲ ಅಂತ. ಕರೆಂಟ್ ಹೋಗಿದ್ದು ಸುಳ್ಳು."

ಅಮ್ಮನ ಕೈ ಅಲ್ಲೇ ನಿಂತಿತು. "ಕತೆಗಾ?" ಎಂದು ಕೇಳಿ ಫೋನ್ ಕೆಳಗಿಟ್ಟಳು. ಆಮೇಲೆ ನರ್ಸ್ ಕಡೆ ತಿರುಗಿ, "ಸಿಸ್ಟರ್, ತಪ್ಪು ತಿಳ್ಕೋಬೇಡಿ..." ಎಂದು ತಡವರಿಸಿದಳು.

"ಪರವಾಗಿಲ್ಲ ಮೇಡಂ. ನೀವು ಫೋನ್ ತರೋಕೆ ಒಳಗೆ ಹೋಗಿದ್ದಾಗಲೇ ಬೇರೆ ಮನೆ ಕೊಡಿ ಅಂತ ಆಫೀಸಿಗೆ ಮೆಸೇಜ್ ಹಾಕ್ಬಿಟ್ಟೆ. ನಾಳೆಯಿಂದ ಬೇರೆಯವರು ಬರ್ತಾರೆ."

"ನಿಜ ಹೇಳಿದ್ನಲ್ಲ ಸಿಸ್ಟರ್, ಹೋಗ್ಬೇಡಿ," ಎಂದು ಹೂಂಗುಟ್ಟಿ ಅಂಗಲಾಚಿದಳು.

"ಆವತ್ತು ಕೇಳಿದಾಗ ಹೇಳಿದ್ರೆ ಇದು ಬರೀ ಕೆಂಪಲ್ಲೇ ವಾಸಿಯಾಗ್ತಿತ್ತು ಮಗು." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಕೈ ತೊಳ್ಕೊಂಡು ಬಾ. ಡ್ರೆಸಿಂಗ್ ಮಾಡ್ಬೇಕು."

ಹೂಂಗುಟ್ಟಿ ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಳು. ಔಷಧಿ ನೀರು ಸೋಕಿದ್ದೇ ಅಜ್ಜಿಯ ಬೆರಳುಗಳು ಅವಳ ಮುಂಗೈಯನ್ನು ಕಚ್ಚಿ ಹಿಡಿದವು. ಅವಳು ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡು," ಎಂದರು ನರ್ಸ್. "ನಾಳೆ ಬರೋರಿಗೆ ಗಾಯ ಎಷ್ಟಿತ್ತು ಅಂತ ನೀನೇ ಹೇಳ್ಬೇಕು."

ಅವಳು ಕಣ್ಣು ಬಿಟ್ಟು ನೋಡಿದಳು.