ಪಪ್ಪಾಯಿ ಕ್ರೇಟಿನಲ್ಲಿ ಮೊಟ್ಟೆ

ಯಾವುದಾದರೂ ವಿಷಯ ಅರ್ಥವಾಗದಿದ್ದರೆ ದೊಡ್ಡಕ್ಕನಿಗೆ ಊಟ ಸೇರುತ್ತಿರಲಿಲ್ಲ. ಈ ಸಲ ಅವಳ ನೆಮ್ಮದಿ ಕೆಡಿಸಿದ್ದು ಪಪ್ಪಾಯಿಯ ಮೈಮೇಲಿನ ಕಪ್ಪು ಕಲೆ.

ಅವಳೂ ಅವಳ ತಂಗಿಯೂ ಸೇರಿ ತಗಡಿನ ಮಾಡಿನ ಒಂದು ಶೆಡ್ಡು ನಡೆಸುತ್ತಿದ್ದರು. ಸುತ್ತಲಿನ ತೋಟಗಳಿಂದ ಬಂದ ಪಪ್ಪಾಯಿಯನ್ನು ಅಲ್ಲಿ ತೊಳೆದು, ಒರೆಸಿ, ಹಳೇ ಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಜೋಡಿಸುವುದು ಅವರ ಕೆಲಸ. ತಂಗಿಯ ಗಂಡ ಅವನ್ನು ತನ್ನ ಲಾರಿಯಲ್ಲಿ ಪೇಟೆಗೆ ಮುಟ್ಟಿಸುತ್ತಿದ್ದ. ಶೆಡ್ಡು ಬಿಡುವಾಗ ಒಂದು ಕಾಯಿಯ ಮೇಲೂ ಗೀರು ಇರುತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಪೇಟೆಯ ಅಂಗಡಿಯವನ ಫೋನು ಬರುತ್ತಿತ್ತು.

"ಮತ್ತೆ ಅದೇ ಕಥೆ ಅಮ್ಮ. ಹಣ್ಣಾಗ್ತಾ ಬಂದ ಹಾಗೆ ಒಂದು ಕಡೆ ಮೆತ್ತಗಾಗಿ ಕಪ್ಪಾಗುತ್ತೆ. ಎಷ್ಟು ಅಂತ ಎಸೀಲಿ?"

ಪಪ್ಪಾಯಿಯ ಗುಣವೇ ಅದು. ಕಾಯಾಗಿದ್ದಾಗ ಬಿದ್ದ ಪೆಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದು, ಹಣ್ಣಾದ ಮೇಲೆ ಬಾಯಿ ಬಿಡುತ್ತದೆ. ಅಷ್ಟರಲ್ಲಿ ಪೆಟ್ಟು ಎಲ್ಲಿ ಬಿತ್ತು, ಯಾರಿಂದ ಬಿತ್ತು ಎಂದು ಕೇಳಿದರೆ ಹೇಳುವವರು ಯಾರೂ ಇರುವುದಿಲ್ಲ.

ದೊಡ್ಡಕ್ಕನಿಗೆ ಮಾತ್ರ ಅನುಮಾನವಿರಲಿಲ್ಲ. "ನಿನ್ನ ಗಂಡ ಗುಂಡಿ ಕಂಡ್ರೆ ನೆಂಟರ ಮನೆ ಸಿಕ್ಕ ಹಾಗೆ ನುಗ್ತಾನೆ," ಎಂದು ತಂಗಿಗೆ ಹೇಳಿದಳು. ತಂಗಿ ಅಡಕತ್ತರಿಯಲ್ಲಿ ಸಿಕ್ಕಿದಳು. ರಾತ್ರಿ ಬಡಿಸುವಾಗ ಮಾತನ್ನು ಆದಷ್ಟು ಮೃದು ಮಾಡಿ ಗಂಡನ ಕಿವಿಗೆ ಹಾಕಿದಳು. ಅವನು ಸಿಟ್ಟಾಗಲಿಲ್ಲ. ಮರುದಿನ ಶೆಡ್ಡಿಗೆ ಬಂದು, "ಅಕ್ಕ, ನನ್ನ ಪಕ್ಕದ ಸೀಟು ಖಾಲಿನೇ ಇರುತ್ತೆ. ನೀವೇ ಬಂದು ನೋಡಿ," ಎಂದ.

"ಬಂದ್ರೆ ನನ್ನ ಸೊಂಟಕ್ಕೆ ಬಿದ್ದ ಪೆಟ್ಟು ಗೊತ್ತಾಗುತ್ತೆ. ಕಾಯಿಗೆ ಬಿದ್ದಿದ್ದು ಹೇಗಪ್ಪ ಗೊತ್ತಾಗೋದು?"

ಕೇಳಿದ್ದು ತಮಾಷೆಗೆ. ಆದರೆ ಆ ಪ್ರಶ್ನೆ ಅವಳನ್ನೇ ಹಿಡಿದುಕೊಂಡಿತು. ತೊಟ್ಟಿಯ ಮುಂದೆ ನಿಂತರೂ ಅದೇ, ಕಾಗದ ಸುತ್ತುವಾಗಲೂ ಅದೇ. ಕೊನೆಗೆ ಬೆಳಿಗ್ಗೆ ತಿಂಡಿಗೆಂದು ಮೊಟ್ಟೆ ಒಡೆಯಲು ಹೋದವಳು ಅದನ್ನು ಕೈಯಲ್ಲೇ ಹಿಡಿದು ನಿಂತಳು. ಪೆಟ್ಟು ಬಿದ್ದರೆ ಇದು ಮುಚ್ಚಿಡುವುದಿಲ್ಲ, ತಕ್ಷಣ ಹೇಳಿಬಿಡುತ್ತದೆ.

ಮುಂದಿನ ಲೋಡಿನ ದಿನ ಅವಳು ಮೊಟ್ಟೆಗಳನ್ನೂ ಪತ್ರಿಕೆಯಲ್ಲಿ ಸುತ್ತಿ ಪಪ್ಪಾಯಿಗಳ ನಡುವೆ ಹುದುಗಿಸಿದಳು. ಕೆಲವು ಮೇಲಿನ ಕ್ರೇಟುಗಳಲ್ಲಿ, ಕೆಲವು ತಳದಲ್ಲಿ, ಕೆಲವು ಲಾರಿಯ ಹಿಂಬಾಗಿಲ ಹತ್ತಿರ. ಆ ಕ್ರೇಟುಗಳಿಗೆ ಕೆಂಪು ದಾರ ಕಟ್ಟಿದಳು. ಶೆಡ್ಡಿಗೆ ಕೂಲಿಗೆ ಬರುತ್ತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

ಲೋಡು ಮುಗಿದಾಗ ತಂಗಿಯ ಗಂಡ, "ಹೊರಡೋಕೆ ಮುಂಚೆ ಒಂದ್ಸಲ ತೆಗೆದು ನೋಡ್ಬಿಡಿ. ಆಮೇಲೆ ಎಲ್ಲಾ ನನ್ನ ತಲೆಗೆ ಕಟ್ಟೋದು ಬೇಡ," ಎಂದ.

"ಈಗ ತಾನೇ ಇಟ್ಟಿದ್ದೀವಿ, ಏನಾಗಿರುತ್ತೆ?" ಎನ್ನುತ್ತಲೇ ಅವಳು ಲಾರಿಯ ಅಂಚಿಗೆ ಬಂದಳು. ತಳದ ಸಾಲಿನ ಕ್ರೇಟಿನ ತೂತಿನಿಂದ ಹಳದಿ ಲೋಳೆ ಇಳಿಯುತ್ತಿತ್ತು. ಪಕ್ಕದ್ದರಿಂದಲೂ.

ಇಂಜಿನ್ ಇನ್ನೂ ಶುರುವೇ ಆಗಿರಲಿಲ್ಲ.

ಅವನು ಕೀ ಕೈಯಲ್ಲಿ ಹಿಡಿದು ನಿಂತಿದ್ದ. "ಇದನ್ನೂ ನಾನೇ ಜೋರಾಗಿ ಓಡಿಸಿದ್ನಾ ಅಕ್ಕ?"

"ಸ್ವಲ್ಪ ಸುಮ್ನಿರು. ನೋಡ್ತಿದ್ದೀನಿ."

ಅವಳು ಬಗ್ಗಿ, ಒಂದು ಕಣ್ಣು ಮುಚ್ಚಿ, ಕ್ರೇಟಿನ ಅಂಚಿನ ಮಟ್ಟಕ್ಕೆ ದೃಷ್ಟಿ ಇಟ್ಟಳು. ಕಾಯಿಗಳು ಅಂಚಿಗಿಂತ ಒಂದು ಬೆರಳು ಮೇಲೆದ್ದಿದ್ದವು. ಮೇಲಿನ ಕ್ರೇಟು ಕೆಳಗಿನ ಕ್ರೇಟಿನ ಮೇಲೆ ಕೂತಿರಲಿಲ್ಲ, ಕಾಯಿಗಳ ಮೇಲೆ ಕೂತಿತ್ತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕ್ರೇಟು ಗುಡ್ಡದ ಹಾಗೆ ಕಾಣಬೇಕು, ಕೊಡುವ ಕೈ ಕಂಜೂಸು ಅನ್ನಿಸಬಾರದು ಎಂದು ಹೆಂಗಸರಿಗೆ ಕಲಿಸಿಕೊಟ್ಟವಳು ಅವಳೇ. ನಾಚಿಕೆಯೂ ಆಯಿತು. ಆದರೆ ನಾಚಿಕೆಗಿಂತ ಮುಂಚೆ ಬಂದದ್ದು, ಗಂಟು ಬಿಚ್ಚಿಕೊಂಡಾಗ ಆಗುವ ಹಗುರು.

"ಎಲ್ಲಾ ಇಳಿಸಿ," ಎಂದಳು.

ಮೇಲೆದ್ದ ಕಾಯಿಗಳನ್ನು ತೆಗೆದು, ಒಡೆದ ಮೊಟ್ಟೆಗಳ ಜಾಗಕ್ಕೆ ಬೇರೆ ಇಟ್ಟು, ಮತ್ತೆ ಲೋಡು ಮಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ದೊಡ್ಡಕ್ಕ ತಾನೂ ಲಾರಿಯಲ್ಲಿ ಹೊರಟಾಗ, ಉತ್ತರ ಸಿಕ್ಕಿತಲ್ಲ, ಇನ್ನು ಯಾಕೆ ಹೋಗುತ್ತೀ ಎಂದು ತಂಗಿ ಕೇಳಿದಳು. "ಉಳಿದ ಮೊಟ್ಟೆ ಏನು ಹೇಳ್ತವೋ," ಎಂದು ಅವಳು ಹತ್ತಿಯೇಬಿಟ್ಟಳು.

ದಾರಿಯಲ್ಲಿ ಚಹಾಕ್ಕೆ ನಿಂತಾಗ ಇಬ್ಬರೂ ಹಿಂದೆ ಹೋಗಿ ನೋಡಿದರು. ತಳದವು ಗಟ್ಟಿಯಾಗಿದ್ದವು. ಹಿಂಬಾಗಿಲ ಹತ್ತಿರದ್ದೊಂದು ಮಾತ್ರ ಬಿರುಕು ಬಿಟ್ಟಿತ್ತು.

"ಇದು ನನ್ನ ಪಾಲು," ಎಂದ ಅವನು. "ಲಾರಿ ಬಾಲ ಜಾಸ್ತಿ ಕುಣಿಯುತ್ತೆ. ಅಲ್ಲಿಗೆ ಹುಲ್ಲಿನ ಚೀಲ ಹಾಕೋಣ." ಆಮೇಲೆ ಗುಂಡಿ ಬಂದಾಗಲೆಲ್ಲ ಗೇರು ಇಳಿಸಿದ. ಅವಳು ನೋಡಿಯೂ ನೋಡದವಳಂತೆ ಕೂತಳು.

ಅಂಗಡಿಯವನು ಕ್ರೇಟು ನೋಡಿ ಮೂಗು ಮುರಿದ. "ಏನಮ್ಮ, ಸೊರಗಿ ಹೋಗಿವೆ?"

"ಸೊರಗಿಲ್ಲ. ಇನ್ನೊಬ್ಬರ ಭಾರ ಹೊತ್ಕೊಂಡಿಲ್ಲ, ಅಷ್ಟೆ. ಹಣ್ಣಾದ್ಮೇಲೆ ಫೋನ್ ಮಾಡಿ."

ಅವನು ಮಾಡಿದ. ಕಲೆ ಬಿದ್ದವು ಬೆರಳೆಣಿಕೆಯಷ್ಟು. ಇನ್ನು ಮೇಲೆ ಹೀಗೇ ಕಳಿಸಿ ಎಂದು ಹೇಳಿ, ಫೋನು ಇಡುವ ಮುನ್ನ ಮತ್ತೊಂದು ಮಾತು ಸೇರಿಸಿದ: "ಡ್ರೈವರ್ ಸೀಟಿನ ಬೆನ್ನಿಗೆ ತಾಗಿಕೊಂಡಿದ್ದ ಸಾಲು ಮಾತ್ರ ಬೇಗ ಹಣ್ಣಾಗೋಯ್ತು. ಯಾಕೆ ಅಂತೀರಿ?"

ದೊಡ್ಡಕ್ಕನಿಗೆ ಗೊತ್ತಿರಲಿಲ್ಲ. ಫೋನು ಇಟ್ಟು, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಲಾರಿಯ ಹತ್ತಿರ ಹೋಗಿ ಡ್ರೈವರ್ ಸೀಟಿನ ಹಿಂದಿನ ತಗಡಿಗೆ ಅಂಗೈ ಇಟ್ಟು ನೋಡಿದಳು. ಆಮೇಲೆ ಒಳಗೆ ತಿರುಗಿ ತಂಗಿಯನ್ನು ಕೇಳಿದಳು:

"ಲೇ, ಮಕ್ಕಳ ಜ್ವರ ನೋಡೋ ಥರ್ಮಾಮೀಟರ್ ಎಲ್ಲಿಟ್ಟಿದ್ದೀಯ?"