ರಾಮೇಶ್ವರದಲ್ಲಿ ಮೆತ್ತಗಾದ ರೊಟ್ಟಿ

ದಕ್ಷಿಣದ ಗುಡಿಗಳಿಗೆ ತಂಗೆವ್ವ ಒಂಬತ್ತು ಸಲ ಹೋಗಿ ಬಂದಿದ್ದಳು. ಒಂದರ ಒಳಗೂ ಕಾಲಿಟ್ಟಿರಲಿಲ್ಲ. ಬನಹಟ್ಟಿಯಿಂದ ಹೊರಡುವ ಯಾತ್ರೆ ಬಸ್ಸಿನ ಅಡುಗೆಯವಳು ಅವಳು. ಜಮಖಂಡಿ, ಮುಧೋಳ, ಬೀಳಗಿಯ ಮಂದಿ ಬಸ್ಸಿಳಿದು ದರ್ಶನಕ್ಕೆ ಹೋದರೆ, ತಿರುಗಿ ಬರುವಷ್ಟರಲ್ಲಿ ನಲವತ್ತು ಜನರಿಗೆ ಬಿಸಿ ರೊಟ್ಟಿ ಬಡಿದಿಡಬೇಕು. ಮಧುರೆ ಎಂದರೆ ಅವಳಿಗೆ ಬೇಳೆ ಬೇಯಿಸದ ನೀರು. ತಂಜಾವೂರೆಂದರೆ ಒಲೆ ಆರಿಸುವ ಗಾಳಿ. ಘಟ್ಟ, ಬಾಳೆತೋಟ, ಭತ್ತದ ಹಸಿರು ಕಿಟಕಿಯಾಚೆ ಓಡುವಾಗ ಅವಳು ತಲೆ ತಗ್ಗಿಸಿ ಬೆಳ್ಳುಳ್ಳಿ ಸುಲಿಯುತ್ತಿರುತ್ತಿದ್ದಳು.

ರಾಮೇಶ್ವರದ ಪ್ರಾಕಾರದ ಸುದ್ದಿ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಎರಡೂ ಕಡೆ ಕಂಬಗಳ ಸಾಲು, ಈ ತುದಿಯಲ್ಲಿ ನಿಂತರೆ ಆ ತುದಿಯ ಮನುಷ್ಯ ಬೆರಳಿನಷ್ಟು ಕಾಣುತ್ತಾನೆಂದು ಯಾರೋ ಉಣ್ಣುತ್ತ ಹೇಳಿದ್ದರು. ಅಂದಿನಿಂದ ರಬಕವಿಯ ಎರಡು ಖೋಲಿಯ ಮನೆಯಲ್ಲಿ ಕಸ ಹೊಡೆಯುವಾಗಲೂ ಅವಳು ಆ ಕಂಬಗಳ ನಡುವೆಯೇ ಇರುತ್ತಿದ್ದಳು.

ಈ ಸಲ ಉಪಾಯ ಹೂಡಿದಳು. ರಾಮೇಶ್ವರದ ಊಟಕ್ಕೆಂದೇ ನೂರಿಪ್ಪತ್ತು ಖಡಕ್ ರೊಟ್ಟಿ ಮಾಡಿ, ಬಟ್ಟೆ ಸುತ್ತಿ ಬುಟ್ಟಿಗೆ ತುಂಬಿದಳು. ಊರಲ್ಲಿ ತಿಂಗಳಿಟ್ಟರೂ ಕೆಡದ, ಮುರಿದರೆ ಪಟ್ಟೆನ್ನುವ ರೊಟ್ಟಿ. ಅಂದು ಬಡಿಯುವ ಕೆಲಸವಿಲ್ಲ. ಪಲ್ಯ, ಸಾರು ಮುಗಿಸಿ ಗುಡಿಗೆ ಹೋಗುವುದು.

ರಾಮೇಶ್ವರದಲ್ಲಿ ಮಂದಿ ದರ್ಶನಕ್ಕೆ ಹೋದ ಮೇಲೆ, ಬೆಳಗಿನ ಹನ್ನೊಂದಕ್ಕೆ ಬುಟ್ಟಿ ಬಿಚ್ಚಿದಳು. ಕಡಲಗಾಳಿಗೆ ರೊಟ್ಟಿಗಳೆಲ್ಲ ತೊಗಲಿನಂತೆ ಮೆತ್ತಗಾಗಿದ್ದವು.

ಡ್ರೈವರ್ ಗುರುಸಿದ್ದ ಒಂದನ್ನೆತ್ತಿ ನೋಡಿ ನಕ್ಕ. "ಅಕ್ಕಾ, ಇದು ರೊಟ್ಟಿ ಏನ್ ಟಾವೆಲ್ಲೋ? ಹೆಗಲಮ್ಯಾಲೆ ಹಾಕ್ಕೊಂಡು ಸಮುದ್ರಕ್ಕ ಜಳಕಕ್ಕ ಹೋಗಬೋದು ನೋಡು."

"ನಗಬ್ಯಾಡಲೇ. ಹಂಚಿನ ಮ್ಯಾಲೆ ಒಂದೊಂದ ಕಾಸಿದ್ರ ಮತ್ತ ಖಡಕ್ ಆಗ್ತಾವು."

"ನೂರಿಪ್ಪತ್ತು? ಒಂದು ಗಂಟೆಕ್ಕ ಗುಡಿ ಮುಚ್ತಾರ."

ಅದು ಅವಳಿಗೂ ಗೊತ್ತಿತ್ತು. ಹಂಚು ಒಲೆಗಿಟ್ಟು ಕಾಸತೊಡಗಿದಳು. ಹನ್ನೆರಡು ದಾಟಿದರೂ ಅರ್ಧ ಮುಗಿದಿರಲಿಲ್ಲ. ಅವಳ ಕಣ್ಣು ರೊಟ್ಟಿಗಿಂತ ಹೆಚ್ಚು ಗೋಪುರದ ಕಡೆಗಿತ್ತು. ಒಂದು ರೊಟ್ಟಿ ಸೀದಿತು.

ಗುರುಸಿದ್ದ ಅವಳ ಕೈಯಿಂದ ಚಿಮಟ ಕಸಿದುಕೊಂಡ. "ಹೋಗಬೇ ಅಕ್ಕಾ. ನಾ ಕಾಸ್ತೇನಿ."

"ನೀ ಎಲ್ಲಾ ಸುಟ್ಟ ಇದ್ದಲಿ ಮಾಡ್ತಿ."

"ಘಟ್ಟದಾಗ ಬಸ್ ಹೊಳ್ಳಸಾಂವಗ ರೊಟ್ಟಿ ಹೊಳ್ಳಸಾಕ ಬರಂಗಿಲ್ಲೇನು? ನಡಿ."

ತಂಗೆವ್ವ ಮಸಿ ಹತ್ತಿದ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೆಚ್ಚುಕಡಿಮೆ ಓಡಿದಳು. ಬಾಗಿಲು ದಾಟಿ, ಎರಡು ಕಡೆ ತಿರುಗಿ, ಒಮ್ಮೆಲೇ ನಿಂತಳು. ಕಂಬ, ಕಂಬದಾಚೆ ಕಂಬ. ಹೇಳಿದವರು ಉದ್ದ ಹೇಳಿದ್ದರು, ತಂಪು ಹೇಳಿರಲಿಲ್ಲ. ಹತ್ತಿರದ ಕಂಬಕ್ಕೆ ಅಂಗೈ ಹಚ್ಚಿದಳು. ಒಲೆ ಬಿಟ್ಟು ಬೇರೇನನ್ನೂ ಅರಿಯದ ಅಂಗೈ ಅಲ್ಲಿಂದ ಬರಲೊಲ್ಲದಾಯಿತು.

"ಅಯ್ಯ, ತಂಗೆವ್ವಾ!" ಎದುರಿನಿಂದ ಬಸ್ಸಿನ ಮಂದಿ ಬರುತ್ತಿದ್ದರು. ಮುಂದೆ ಮುಧೋಳದ ವ್ಯಾಪಾರಸ್ಥರ ಮನೆಯ ಗಂಗಾಂಬಿಕಾ, ತೀರ್ಥಸ್ನಾನದಿಂದ ತೊಯ್ದ ಸೀರೆಯಲ್ಲಿ. "ನೀನ ಇಲ್ಲಿ ಬಂದ್ರ ನಮ್ಮ ಊಟದ ಗತಿ ಏನಬೇ? ಹೊಟ್ಟಿ ಚುರುಚುರು ಅನ್ನಾಕತ್ತೇತಿ."

ಹಿಂದಿರುಗಲು ತಂಗೆವ್ವನ ಕಾಲುಗಳು ಆಗಲೇ ತಿರುಗಿದ್ದವು, ರೂಢಿಯಿಂದ. ಅವುಗಳನ್ನು ಅವಳೇ ತಡೆದಳು.

"ಇವತ್ತ ಜರಾ ತಡಾ ಆಕ್ಕೈತ್ರೀ, ಅಕ್ಕಾರ. ನೀವು ನಡೀರಿ."

ತಂಗೆವ್ವ ಅವರ ನಡುವಿನಿಂದಲೇ ದಾರಿ ಮಾಡಿಕೊಂಡು ಮುಂದೆ ಹೋದಳು. ಬಾಗಿಲು ಮುಚ್ಚಲು ಎಷ್ಟು ಹೊತ್ತು ಉಳಿದಿದೆಯೆಂದು ಯಾರನ್ನೂ ಕೇಳಲಿಲ್ಲ. ನಡೆದಷ್ಟೂ ಆ ತುದಿ ಹತ್ತಿರ ಬರುತ್ತಿತ್ತು. ಅದು ಬೇಗ ಬಾರದಿರಲೆಂದು ಅವಳು ಹೆಜ್ಜೆ ನಿಧಾನ ಮಾಡಿದಳು.